ಕತ್ತರಿಸಿದ ಬಟ್ಟೆ

ನಮ್ಮ ಬಟ್ಟೆ ಅಂಗಡಿಯ ಗುಮಾಸ್ತ ಚಂದ್ರಪ್ಪನಿಗೆ ಮಗುವಿನ ಲಂಗೋಟಿ ಒಗೆಯುವುದೆಂದರೆ ಅಸಹ್ಯ. ಹೆಂಡತಿ ವೇದಾವತಿಗೆ ಹೆರಿಗೆ ಆಪರೇಷನ್ನಿನ ಹೊಲಿಗೆ ಇನ್ನೂ ಮಾಗಿರಲಿಲ್ಲ, ಕೂತು ಒಗೆಯುವಂತಿರಲಿಲ್ಲ. ಹಾಗಾಗಿ ಮಗುವಿಗೆ ಸದಾ ಪ್ಲಾಸ್ಟಿಕ್ ಡೈಪರ್. ತೊಡೆಸಂದಿ ಬೆಂದು ಹುಣ್ಣಾಯಿತು. ವೇದಾವತಿ ಅತ್ತರೂ ಅವನು ಜಗ್ಗಲಿಲ್ಲ.

ಒಂದು ಮಧ್ಯಾಹ್ನ ಆಕೆ ಮಗುವನ್ನೆತ್ತಿಕೊಂಡು ಅಂಗಡಿಗೇ ಬಂದಳು. ಗಿರಾಕಿಗಳು ತುಂಬಿದ್ದರು.

“ಈ ಸೆಕೇಲಿ ಒಳಗೆ ಉಡೋಕೆ ಪ್ಲಾಸ್ಟಿಕ್ ಬಟ್ಟೆ ಇದ್ರೆ ಕೊಡ್ರಿ,” ಎಂದಳು.

ಚಂದ್ರಪ್ಪ ಎಲ್ಲರೆದುರು ಹೇಳಿದ: “ಅದನ್ನ ಯಾರಾದ್ರೂ ಉಡ್ತಾರಾ? ಮೈ ಬೇಯುತ್ತೆ. ಹತ್ತಿನೇ ಆಗ್ಬೇಕು.”

ಆಕೆ ಮಗುವನ್ನು ಗಾದಿಯ ಮೇಲೆ ಮಲಗಿಸಿ ಡೈಪರ್ ಬಿಚ್ಚಿದಳು. ಗಿರಾಕಿಗಳೆಲ್ಲ ಹುಣ್ಣು ನೋಡಿದರು.

ಚಂದ್ರಪ್ಪ ಮೂರು ಮೀಟರ್ ಹತ್ತಿ ಬಟ್ಟೆ ಕತ್ತರಿಸಿದ. “ನಾನೇ ಒಗೀತೀನಿ,” ಎಂದ, ತಲೆ ಎತ್ತದೆ.

ಗಲ್ಲಾಪೆಟ್ಟಿಗೆಯ ಬಳಿ ಕೂತಿದ್ದ ಮಾಲೀಕ ನಾನು, ಗೋಡೆಯ ಬೋರ್ಡು ತೋರಿಸಿದೆ: ‘ಕತ್ತರಿಸಿದ ಬಟ್ಟೆ ವಾಪಸ್ ತೆಗೆದುಕೊಳ್ಳುವುದಿಲ್ಲ.’

“ಕೊಟ್ಟ ಮಾತೂ ಅಷ್ಟೇ ಕಣಯ್ಯ,” ಎಂದೆ.