ಪುನುಗುಬೆಕ್ಕು ಹೊತ್ತ ಬೂದಿ

ಒಂದು ಕಾಡಿನಲ್ಲಿ ಕಪ್ಪು ಬೆಟ್ಟವೊಂದಿತ್ತು. ಅದರ ಬುಡದ ಬಿಲದಲ್ಲಿ ಮುಳ್ಳುಹಂದಿಯೊಂದು ತನ್ನ ಎರಡು ಮರಿಗಳೊಂದಿಗೆ ವಾಸವಾಗಿತ್ತು. ದೇವರು ದಯಾಮಯ. ಚಳಿ ಕೊಟ್ಟವನು ಆ ಬೆಟ್ಟದ ಹೊಟ್ಟೆಯಲ್ಲಿ ಕಲ್ಲಿದ್ದಲನ್ನೂ ಇಟ್ಟಿದ್ದ. ಮುಳ್ಳುಹಂದಿ ಬೇಸಿಗೆಯಲ್ಲೇ ಅದನ್ನು ಅಗೆದು ತಂದು ರಾಶಿ ಹಾಕಿತ್ತು. ಮಳೆ ಬಂದ ಮೇಲೆ ಅಗೆದ ಗುಂಡಿಯಲ್ಲಿ ನೀರು ನಿಂತು, ಮತ್ತೆ ಅಗೆಯುವಂತಿರಲಿಲ್ಲ. ಇನ್ನು ಇರುವಷ್ಟರಲ್ಲೇ ಶಿವರಾತ್ರಿಯವರೆಗೆ ಒಲೆ ಉರಿಯಬೇಕಿತ್ತು. ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಓಡಿಹೋಗುತ್ತದಲ್ಲವೇ!

ಆದರೆ ಸಂಕ್ರಾಂತಿಗೂ ಮೊದಲೇ ರಾಶಿ ಅರ್ಧಕ್ಕಿಳಿಯಿತು.

“ಅವ್ವಾ, ಕಲ್ಲಿದ್ದಲಿಗೆ ಕಾಲಿದೆಯಾ? ನಡ್ಕೊಂಡು ಹೋಗ್ತಿದೆಯಾ?” ಎಂದು ಚಿಕ್ಕ ಮರಿ ಕೇಳಿತು.

“ನನಗೂ ಹಾಗೇ ಅನ್ನಿಸುತ್ತೆ ಮಗಾ,” ಎಂದಿತು ತಾಯಿ.

ಅದಕ್ಕೆ ಏನೊಂದೂ ತಿಳಿಯಲಿಲ್ಲ. ಹೆಚ್ಚು ಹಾಕಿ ನೋಡಿತು, ಬೇಗ ಮುಗಿಯಿತು. ಕಡಿಮೆ ಹಾಕಿ ನೋಡಿತು. ಒಲೆ ಆರಿತು, ಮತ್ತೆ ಹೊತ್ತಿಸಲು ಇನ್ನಷ್ಟು ಬೇಕಾಯಿತು. ಬಿಲದ ಬಾಯಿಗೆ ಸೊಪ್ಪು ಮುಚ್ಚಿತು. ಹೊಗೆ ತುಂಬಿ ಮರಿಗಳು ಕೆಮ್ಮಿದವು. ಸೊಪ್ಪು ತೆಗೆಯಿತು, ಕುಳಿರ್ಗಾಳಿ ನುಗ್ಗಿತು. “ಶಿವನೇ, ಎಲ್ಲಿ ತಪ್ಪುತ್ತಿದ್ದೇನೆ?” ಎಂದು ಒಲೆಯ ಮುಂದೆಯೇ ಕೈಮುಗಿಯಿತು.

ಪಕ್ಕದ ಮರದ ಪೊಟರೆಯಲ್ಲಿ ಪುನುಗುಬೆಕ್ಕೊಂದಿತ್ತು. ಅದು ದಿನಾ ಬೆಳಗ್ಗೆ ಸೋರೆಬುರುಡೆ ಹಿಡಿದು ಬರುತ್ತಿತ್ತು.

“ಅಕ್ಕಾ, ಬೂದಿ ಬಾಚಿಕೊಡು, ಹೊಳೆಗೆ ಚೆಲ್ಲಿ ಬರ್ತೀನಿ. ಬೆಳಗಾದ ಮೇಲೆ ಒಲೆಯಲ್ಲಿ ಬೂದಿ ಉಳಿದರೆ ಮನೆಗೆ ದರಿದ್ರ.”

“ನಿನಗೇಕಪ್ಪಾ ಈ ಕಷ್ಟ?”

“ಅಯ್ಯೋ, ಇದೂ ಒಂದು ದೇವರ ಸೇವೆ!”

ಮುಳ್ಳುಹಂದಿ ಅದನ್ನು ಹರಸಿ, ಒಲೆಯನ್ನು ತಳದವರೆಗೂ ಬಾಚಿ ಕೊಡುತ್ತಿತ್ತು. ಆಮೇಲೆ ಬರಿದಾದ ಒಲೆಗೆ ಹೊಸ ಕಲ್ಲಿದ್ದಲು ತುಂಬುತ್ತಿತ್ತು.

ಒಂದು ಸೋಮವಾರ ಮುಳ್ಳುಹಂದಿ ಹೊಳೆಯಲ್ಲಿ ಮಿಂದು ಬಂತು. ಹಣೆಗಿಡಲು ನೋಡಿದರೆ ಮನೆಯಲ್ಲಿ ಚಿಟಿಕೆ ಬೂದಿಯೂ ಇಲ್ಲ! ಮೀಯಲು ಹೋಗುವ ಮೊದಲೇ ಎಲ್ಲವನ್ನೂ ಬಾಚಿ ಬೆಕ್ಕಿಗೆ ಕೊಟ್ಟಾಗಿತ್ತು. ‘ಅಲ್ಲಾ, ಶಿವನೇ ಮೈತುಂಬ ಬಳಿದುಕೊಂಡ ಬೂದಿ ಮನೆಗೆ ದರಿದ್ರ ಹೇಗಾಯಿತು?’ ಎಂದು ಯೋಚಿಸುತ್ತಾ ಅದು ಪೊಟರೆಯ ಕಡೆಗೆ ನಡೆಯಿತು.

ಮುಳ್ಳುಗಳ ಸದ್ದು ಕೇಳಿದ್ದೇ ತಡ, ಬೆಕ್ಕು ಬುರುಡೆಯನ್ನು ತನ್ನ ಒಣಗಿದೆಲೆಯ ಹಾಸಿಗೆಯೊಳಗೆ ತುರುಕಿ ಅದರ ಮೇಲೆಯೇ ಕುಳಿತಿತು.

“ತಮ್ಮಾ, ಹಣೆಗೆ ಒಂದು ಚಿಟಿಕೆ ಬೂದಿ ಕೊಡು.”

“ಬೂದಿಯಾ? ಆಗಲೇ ಹೊಳೆಗೆ ಚೆಲ್ಲಿಬಿಟ್ಟೆನಲ್ಲಾ ಅಕ್ಕಾ!”

“ನಾನು ಹೊಳೆಯಿಂದಲೇ ಬಂದೆ. ನೀನು ಕಾಣಲಿಲ್ಲವಲ್ಲ?”

“ಅದು... ಇನ್ನೊಂದು ಹೊಳೆ.”

ಮುಳ್ಳುಹಂದಿಗೆ ಮತ್ತೆ ಗೊಂದಲ. ಈ ಕಾಡಿನಲ್ಲಿ ಇರುವುದೇ ಒಂದು ಹೊಳೆ.

“ನಿನ್ನ ಹಿಂದೆ ಏನದು ಹೊಗೆ?”

“ಹೊಗೆಯಲ್ಲ ಅಕ್ಕಾ, ಮಂಜು.”

“ಮಂಜು ಬಾಲದಿಂದ ಏಳುತ್ತದೆಯೇ?”

ಅಷ್ಟರಲ್ಲಿ ಎಲೆಗಳು ಭಗ್ಗೆಂದವು. “ಸತ್ತೆನಪ್ಪೋ!” ಎಂದು ಬೆಕ್ಕು ಹೊರಗೆ ಹಾರಿತು. ಅದರ ಹಿಂದೆಯೇ ಅರೆಬೆಂದ ಕಲ್ಲಿದ್ದಲ ತುಂಡುಗಳು ದಡದಡನೆ ಉರುಳಿ ಬಂದವು. ಅವು ಬೆಕ್ಕು ದಿನದಿನವೂ ಬೂದಿಯಿಂದ ಆರಿಸಿ ಕೂಡಿಟ್ಟಿದ್ದ ತುಂಡುಗಳು! ಮುಳ್ಳುಹಂದಿ ಹಸಿ ಮಣ್ಣನ್ನು ಕೆದರಿ ಎರಚಿ, ಬಾಲದ ಬೆಂಕಿ ಆರಿಸಿತು. ಪ್ರಾಣವೇನೋ ಉಳಿಯಿತು. ಬಾಲದ ಕೂದಲು ಉಳಿಯಲಿಲ್ಲ, ಪೊಟರೆಯೂ ಉಳಿಯಲಿಲ್ಲ.

“ಅಗೆಯೋಕೆ ಸೋಮಾರಿತನ ಅಕ್ಕಾ, ಅದಕ್ಕೇ ನಿನ್ನದನ್ನು ಕದ್ದೆ,” ಎಂದು ಬೆಕ್ಕು ಗೋಳಾಡಿತು. “ತಣ್ಣಗಿದ್ದ ಬೂದಿಗೆ ಹೇಗೆ ಬೆಂಕಿ ಬಂತೋ!”

ಮುಳ್ಳುಹಂದಿ ಒಡೆದುಬಿದ್ದಿದ್ದ ಬುರುಡೆಯ ಚೂರಿನೊಳಗೆ ಇಣುಕಿ ನೋಡಿತು. ಬೂದಿಯ ಒಳಗೆ ಕೆಂಡವೊಂದು ಇನ್ನೂ ನಿಗಿನಿಗಿ ಹೊಳೆಯುತ್ತಿತ್ತು. ಅದರ ಗೊಂದಲವೆಲ್ಲ ಕರಗಿತು. “ಬೂದಿ ಬೆಂಕಿಗೆ ಶತ್ರುವಲ್ಲವೋ ತಮ್ಮಾ, ಕಂಬಳಿ. ಅದು ತಿಳಿಯದೆ ನಾನು ನನ್ನ ಮರಿಗಳ ಕಂಬಳಿಯನ್ನೇ ದಿನಾ ನಿನ್ನ ಕೈಗೆ ಕೊಟ್ಟೆ.”

ಅಂದಿನಿಂದ ಅದು ಮಲಗುವ ಮೊದಲು ಕೆಂಡಕ್ಕೆ ಬೂದಿ ಮುಚ್ಚುತ್ತಿತ್ತು. ಬೆಳಗ್ಗೆ ಬೂದಿ ಸರಿಸಿ, ಅರೆಬೆಂದ ತುಂಡುಗಳನ್ನು ಮತ್ತೆ ಒಲೆಗಿಟ್ಟು, ಒಂದೆರಡು ಹೊಸದು ಸೇರಿಸುತ್ತಿತ್ತು. ಬೆಚ್ಚಗಿನ ಮನೆ, ಹಣೆಗೆ ಬೂದಿ. ಶಿವರಾತ್ರಿಯ ದಿನ ರಾಶಿಯಲ್ಲಿ ಇನ್ನೂ ಒಂದು ಬೊಗಸೆ ಮಿಕ್ಕಿತ್ತು. ಒಲೆಯ ಮುಂದೆ ಮೂರು ಜೀವಗಳು ಕುಳಿತಿದ್ದವು. ಬಾಗಿಲ ಬಳಿ ಬೋಳು ಬಾಲದ್ದೊಂದು, ತಲೆ ತಗ್ಗಿಸಿಕೊಂಡು.

“ಒಳಗೆ ಬಾರೋ,” ಎಂದಿತು ಮುಳ್ಳುಹಂದಿ. “ಬೇಸಿಗೆ ಬರಲಿ, ಅಗೆಯೋಕೆ ಕಲಿಸ್ತೀನಿ.”

ನೀತಿ: ದೇವರು ಕೊಟ್ಟದ್ದನ್ನು ಅರಿತು ಬಳಸುವವರಿಗೆ ಇದ್ದುದೇ ಸಾಕಾಗುತ್ತದೆ, ಕದ್ದು ಮುಚ್ಚಿಟ್ಟದ್ದು ಮುಚ್ಚಿಟ್ಟವರನ್ನೇ ಸುಡುತ್ತದೆ.