ಗೋಡೆಯ ಮೇಲಿನ ನವಿಲು

ಪಕ್ಕದ ಪಟ್ಟಣದಿಂದ ಓಡಿಬಂದ ಹೆಗ್ಗಣವೊಂದು ಪಾಳುಮನೆಗೆ ನುಗ್ಗಿತು. ಸೂರಿಗೆ ಜೋತುಬಿದ್ದಿದ್ದ ಬಾವಲಿ, "ಯಾಕಯ್ಯಾ ಈ ಓಟ?" ಎಂದು ಕೇಳಿತು.

"ನಮ್ಮೂರಿನ ಪುರಸಭೆಯವರು ಪಾಳುಮನೆ ಕಂಡರೆ ಒಳಹೊಕ್ಕು ನೋಡುತ್ತಾರೆ. ಮಾಲೀಕ ರಿಪೇರಿ ಮಾಡಿಸದಿದ್ದರೆ ಕೆಡವಿಬಿಡುತ್ತಾರೆ. ಇಲ್ಲಿ ಹೇಗೆ?"

"ಇಲ್ಲಿ ಬೀದಿಗೆ ಕಾಣುವ ಗೋಡೆಗೆ ಬಣ್ಣ ಬಳಿದು ನವಿಲು ಬರೆಸುತ್ತಾರೆ. ಒಳಗೆ ಯಾರೂ ಇಣುಕುವುದಿಲ್ಲ. ಮೊನ್ನೆ ಹಿಂದಿನ ಗೋಡೆ ಕುಸಿದು ಪಕ್ಕದ ಮನೆಯವರ ಹಸು ಸತ್ತಿತು. 'ಸದ್ಯ, ನವಿಲಿಗೆ ಏನೂ ಆಗಲಿಲ್ಲ' ಅಂದರು ಪುರಸಭೆಯವರು."

ಅಷ್ಟರಲ್ಲಿ ಹೊರಗೆ ಬಸ್ಸೊಂದು ನಿಂತಿತು. ಬಿರುಕಿನಲ್ಲಿ ಇಣುಕಿದ ಹೆಗ್ಗಣ ಮೂಲೆಗೆ ಓಡಿ ಮುದುರಿ ಕುಳಿತಿತು. "ಅಯ್ಯೋ, ನಮ್ಮೂರಿನ ಪುರಸಭೆ ಅಧ್ಯಕ್ಷರು! ಇಲ್ಲಿಗೂ ಬಂದರು!"

"ಹೆದರಬೇಡ. ಅಧ್ಯಯನ ಪ್ರವಾಸಕ್ಕೆ ಬಂದಿದ್ದಾರೆ."

ಅಧ್ಯಕ್ಷರು ನವಿಲಿನ ಮುಂದೆ ಫೋಟೊ ತೆಗೆಸಿಕೊಂಡು, "ಎಷ್ಟು ಸುಲಭ! ನಾವೂ ಇದನ್ನೇ ಮಾಡೋಣ" ಎಂದರು.

ಹೆಗ್ಗಣ ಮೈ ಕೊಡವಿಕೊಂಡು ಎದ್ದಿತು. "ಬರ್ತೀನಣ್ಣಾ, ಊರಿಗೆ ಬಸ್ಸು ಸಿಕ್ಕಿತು."