ಎದ್ದು ನೋಡಿದ ಕರಿಬೇವಿನ ಬೇರು

ಲೋಕ ಆಗಿನ್ನೂ ಹೊಸದು ಕಣೇ ಪುಟ್ಟಿ. ಇಡೀ ಲೋಕಕ್ಕೆ ಇದ್ದದ್ದು ಒಂದೇ ಒಂದು ಕರಿಬೇವಿನ ಗಿಡ. ಹೌದೇ, ಒಂದೇ. ನಗಬೇಡ, ಕೇಳು.

ಆ ಗಿಡ ಇದ್ದದ್ದು ಚೆನ್ನಾಜಮ್ಮನ ಹಿತ್ತಲಲ್ಲಿ. ಹೆಸರಿಗಷ್ಟೇ ಹಿತ್ತಲು. ಉತ್ತರಾಣಿ ಎದೆಮಟ್ಟ ಬೆಳೆದಿತ್ತು. ತೊಂಡೆಬಳ್ಳಿ ಸಿಕ್ಕಿದ್ದರ ಮೇಲೆಲ್ಲ ಹತ್ತಿತ್ತು. ಮೂಲೆಯ ಹುಣಸೆಮರದ ಕೆಳಗಂತೂ ಹಗಲಲ್ಲೂ ಕತ್ತಲು.

ಒಂದು ಬೆಳಿಗ್ಗೆ ಚೆನ್ನಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಡುಗೋಲು ಹಿಡಿದು ಇಳಿದೇಬಿಟ್ಟಳು. ಸರಸರ, ಸರಸರ. ಉತ್ತರಾಣಿ ಹೋಯಿತು. ಸರಸರ, ಸರಸರ. ತೊಂಡೆಬಳ್ಳಿ ಚಪ್ಪರ ಸೇರಿತು. ಅವಳ ಹುಮ್ಮಸ್ಸು ಎಷ್ಟಂತೀಯ, ಗಂಜಿ ಕುಡಿಯೋದೂ ನೆನಪಾಗಲಿಲ್ಲ.

ಆಗ ಹುಣಸೆಯ ಕೆಳಗೆ ಕರಿಬೇವು ಕಂಡಿತು. ಎಲೆಯೆಲ್ಲ ಹಳದಿ.

"ಎಷ್ಟು ಸೊರಗಿದ್ದೀಯೇ ನನ್ನವ್ವ. ಬಾ, ಬಚ್ಚಲ ಹತ್ತಿರ ನೆಡ್ತೀನಿ. ಅಲ್ಲಿ ಬಿಸಿಲೂ ಇದೆ, ನೀರೂ ಇದೆ," ಅಂದಳು ಚೆನ್ನಾಜಮ್ಮ.

"ನಾನು ಇಲ್ಲೇ ಬೇರು ಬಿಟ್ಟವಳು. ಕಿತ್ತರೆ ಸತ್ತೇಹೋಗ್ತೀನೇನೋ. ನಾನು ಸತ್ತರೆ ಲೋಕದಲ್ಲಿ ಇನ್ನೊಬ್ಬಳಿಲ್ಲ," ಅಂದಿತು ಕರಿಬೇವು.

"ಇಲ್ಲೇ ಇದ್ದರೂ ಸಾಯ್ತೀಯ."

ಅದೂ ನಿಜವೇ. ಕರಿಬೇವು ಯೋಚಿಸಿತು. ಎಲ್ಲಕ್ಕಿಂತ ದೂರ ಹೋಗಿದ್ದ ಎಳೆ ಬೇರನ್ನು ಮೆಲ್ಲಗೆ ಕರೆಯಿತು.

"ಮಗಳೇ, ನೀನು ಇಲ್ಲೇ ಇರು. ಗಾಳಿ ನನ್ನ ಘಮ ತರ್ತಿದ್ದರೆ ನಾನು ಬದುಕಿದ್ದೀನಿ ಅಂತ ತಿಳಿದು ಮಲಗಿರು. ಘಮ ನಿಂತರೆ ನೀನು ಎದ್ದು ಬೆಳೀಬೇಕು."

"ಆಗಲಿ ಅವ್ವ," ಅಂದಿತು ಬೇರು.

ಗಿಡ ಕೀಳೋದು ಯಾವಾಗ ಹೇಳು? ಬಿಸಿಲು ಇಳಿದ ಮೇಲೆ. ನಮ್ಮ ಚೆನ್ನಾಜಮ್ಮನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ನಡು ಮಧ್ಯಾಹ್ನವೇ ಗುದ್ದಲಿ ಹಾಕಿದಳು. ಬೇರಿನ ಮಣ್ಣಿನ ಸಮೇತ ಎತ್ತಿ, ಬಚ್ಚಲ ಹತ್ತಿರ ನೆಟ್ಟಳು. ಎಳೆ ಬೇರು ಮಾತ್ರ ಹಿಂದೆ ಉಳಿಯಿತು.

ಮಾರನೇ ದಿನ ಎಲೆ ಜೋತುಬಿತ್ತು. ಮೂರನೇ ದಿನ ಒಂದೆಲೆಯೂ ಇಲ್ಲ, ಬರೀ ಕಡ್ಡಿ.

"ಇದ್ದ ಒಂದೇ ಗಿಡಾನ ಕೊಂದೆನಲ್ಲ," ಅಂತ ಚೆನ್ನಾಜಮ್ಮ ಅಲ್ಲೇ ಕೂತು ಅತ್ತಳು. ಅತ್ತು ಮುಗಿಸಿ ಹುಳಿಮಜ್ಜಿಗೆ ತಂದು ಬುಡಕ್ಕೆ ಹೊಯ್ದಳು. ದಿನಾ ಹೊಯ್ದಳು.

ಅತ್ತ ಹುಣಸೆಯ ಕೆಳಗೆ, ಮಣ್ಣಿನ ಬಿರುಕಿನಲ್ಲಿ ಬಂದ ಗಾಳಿಯನ್ನು ಬೇರು ಕೇಳಿತು, "ಅವ್ವನ ಘಮ ತಂದೆಯಾ?"

"ಇಲ್ಲಮ್ಮ."

ಮರುದಿನವೂ ಕೇಳಿತು.

"ಇವತ್ತೂ ಇಲ್ಲಮ್ಮ."

ಬೇರಿಗೆ ದುಃಖ ತಡೆಯಲಾಗಲಿಲ್ಲ. ಬೆಳಕನ್ನೇ ಕಾಣದ ಬೇರು ಅದು, ಭಯವೂ ಆಯಿತು. ಆದರೂ ಮಣ್ಣನ್ನು ತಳ್ಳಿತು. ತಳ್ಳಿ ತಳ್ಳಿ, ಕೊನೆಗೆ ಪುಟ್ಟ ಚಿಗುರಾಗಿ ತಲೆ ಹೊರಗೆ ಹಾಕಿತು.

ಏನು ಕಂಡಿತು ಗೊತ್ತಾ? ಬಚ್ಚಲ ಹತ್ತಿರದ ಕಡ್ಡಿಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಹಸಿರು!

"ಅವ್ವ, ಇದ್ದೀಯಾ?"

"ಇದ್ದೀನಿ ಮಗಳೇ. ನೀನು ಯಾಕೆ ಎದ್ದೆ?"

"ಘಮ ಬರಲಿಲ್ಲ. ನೋಡೋಕೆ ಬಂದೆ."

"ಎದ್ದವಳು ಇನ್ನು ಮಲಗಬೇಡ," ಅಂದಿತು ತಾಯಿ.

ಚೆನ್ನಾಜಮ್ಮ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಿದ್ದೇ ಓಡಿದ್ದು. ಲೋಕದಲ್ಲಿ ಈಗ ಎರಡು ಕರಿಬೇವು.

ಅಂದಿನಿಂದ ಕರಿಬೇವಿನ ಬೇರು ಗಾಳಿಯ ಮಾತಿಗೆ ಕಾಯೋದನ್ನೇ ಬಿಟ್ಟಿತು. ಅದಕ್ಕೇ ಇವತ್ತಿಗೂ ಗುದ್ದಲಿ ಎಲ್ಲಿ ತಾಗಿದರೆ ಅಲ್ಲೊಂದು ಮರಿ ಏಳುತ್ತದೆ. ನಮ್ಮ ಗಿಡದ ಸುತ್ತ ನೀನು ನೋಡುವ ಮರಿಗಳೆಲ್ಲ ಅವ್ವ ಇದ್ದಾಳಾ ಅಂತ ನೋಡೋಕೆ ಎದ್ದು ಬಂದವು.